ಕರಜಗಿಯ ಪಡುವಣ ಗೋಡೆ

"ಮಾತಾಡಸಾಕ ಬರಬ್ಯಾಡಬೇ, ಅಳತಿ ಟೇಪು ಹಿಡ್ಕೊಂಡು ಬಾ. ಕಣ್ಣೀರು ಹಾಕೋ ಮಂದಿ ಇಲ್ಲಿ ಬೇಕಾದಷ್ಟು ಅದಾರ" ಎಂದು ಫೋನಿನಲ್ಲಿ ಹೇಳಿದಳು ನನ್ನ ಗೆಳತಿ.

ಸೊಲ್ಲಾಪುರದ ಡಾಕ್ಟರು 'ಇನ್ನು ಮನೆಯಲ್ಲೇ ಇರಲಿ' ಎಂದು ಅವಳನ್ನು ಕಳಿಸಿ ಆಗಷ್ಟೇ ವಾರ ಕಳೆದಿತ್ತು. ಆ ಮಾತಿಗೆ ಏನರ್ಥ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ನಾನು ಆಳಂದದಲ್ಲಿದ್ದುಕೊಂಡು ಗೋಡೆಗಳಿಗೆ ಅಲಂಕಾರದ ಪ್ಯಾನೆಲ್ ಕೂಡಿಸುವ ಕೆಲಸ ಹಿಡಿದು ಮಾಡಿಸುವವಳು. ಅವಳು ಅಫಜಲಪುರ ತಾಲೂಕಿನ ಕರಜಗಿಗೆ ಮದುವೆಯಾಗಿ ಹೋಗಿ, ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಕಾನ್ವೆಂಟಿನ ಹಾಸ್ಟೆಲಿನಲ್ಲಿ ನಮ್ಮಿಬ್ಬರ ಮಂಚ ಅಕ್ಕಪಕ್ಕ. ಸೈಲೆನ್ಸ್ ಬೆಲ್ ಆದಮೇಲೆ ಪಿಸುಗುಟ್ಟಿದರೆ ಸಿಸ್ಟರ್ ಮೊಣಕಾಲ ಮೇಲೆ ನಿಲ್ಲಿಸುತ್ತಿದ್ದರು. ನಾನು ನಿಂತದ್ದೆಲ್ಲ ಅವಳ ದೆಸೆಯಿಂದಲೇ.

ಟೇಪು ಹಿಡಿದುಕೊಂಡೇ ಹೋದೆ.

ಮಣ್ಣಿನ ಮಾಳಿಗೆಯ ಹಳೆಯ ಕಲ್ಲಿನ ಮನೆ. ಅವಳನ್ನು ಮಲಗಿಸಿದ್ದು ಪಡುವಣ ಕೋಣೆಯಲ್ಲಿ. ಉತ್ತರಕ್ಕೆ ತಲೆ, ಬಲಮಗ್ಗುಲಾದರೆ ಕಣ್ಣಿಗೆ ನೇರ ಪಶ್ಚಿಮದ ಗೋಡೆ. ಸೊಂಟದೆತ್ತರದವರೆಗೆ ಬಣ್ಣ ಹಪ್ಪಳದಂತೆ ಎದ್ದಿತ್ತು, ಅದರ ಕೆಳಗೆ ಉಪ್ಪಿನ ಪುಡಿಯಂಥ ಬಿಳಿ ಸವಳು ಅರಳಿತ್ತು, ಮೇಲೆ ಜಂತಿಯ ಕೆಳಗೆ ಕಪ್ಪು ಬೂಷ್ಟು. ನೆನೆದ ಗೋಣಿಚೀಲದ ವಾಸನೆ.

"ಬಂದೋರು ನನ್ನ ಮಾರಿ ನೋಡಂಗಿಲ್ಲಬೇ, ಗ್ವಾಡಿ ನೋಡ್ತಾರ. ಆಮ್ಯಾಲೆ ನನ್ನ ನೋಡ್ತಾರ. ಎರಡೂ ಒಂದೇ ಅಂತ ಅವರಿಗೆ ಗೊತ್ತಾಗಿಬಿಡತದ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಇದನ್ನೇ ನೋಡಕೋತ ನಾ ಹೋಗಂಗಿಲ್ಲ. ಐ ರಿಫ್ಯೂಜ್" ಎಂದಳು.

ಮಂಚ ತಿರುಗಿಸಿದರಾಯಿತಲ್ಲ ಎಂದೆ. ಅವಳ ಗಂಡ ಬಾಗಿಲಲ್ಲೇ ನಿಂತಿದ್ದರು. ಕಬ್ಬು ಬೆಳೆಯುವ ಮನುಷ್ಯ, ಮೆತ್ತನೆ ಮಾತಿನವರು. ಮದುವೆಯ ದಿನದಿಂದ ನಾನು ಅವರನ್ನು ದುಲ್ಹೇಭಾಯಿ, ಅಂದರೆ ಭಾವ, ಎಂದೇ ಕರೆಯುವುದು; ಅವರಿಗೆ ನಾನು ಆಪಾ, ಅಕ್ಕ.

"ಹೆಂಗ ತಿರುಗಸಾಕ ಬರ್ತದ ಆಪಾ? ನಮಾಜಿಗೆ ಮಾರಿ ಮಾಡೋ ದಿಕ್ಕು ಅದು. ಮಲಗಿದೋರಿಗೆ ಕಡೀಕ ಆ ಕಡೀಗೇ ಮಾರಿ ಇರಬೇಕಲ್ರಿ."

ನಾನು ಟೇಪು ಬಿಚ್ಚಿದೆ.

ಸ್ಯಾಂಪಲ್ ಪಟ್ಟಿಗಳನ್ನು ಹಾಸಿಗೆಯ ಮೇಲೇ ಹರವಿದೆ. ದುಲ್ಹೇಭಾಯಿ ಬಂಗಾರದ ಗೆರೆಯ ಮಾರ್ಬಲ್ ಶೀಟನ್ನು ಎತ್ತಿ ಹಿಡಿದರು. "ಅದು ಹಚ್ಚಿದರ ಶಾದಿ ಮಹಲ್ ಕಂಡಂಗ ಕಾಣತದ. ನನ್ನ ಕೈಯಾಗ ಬೊಕೆ ಕೊಟ್ಟು ಕೂಡಸ್ರಿ ಮತ್ತ" ಎಂದಳು. ಹೂವು ಬಳ್ಳಿ ಬೇಡ, ನಮಾಜಿನಲ್ಲಿ ಲಕ್ಷ್ಯ ತಪ್ಪುತ್ತದೆ ಎಂದು ಅವನ್ನೂ ಆಚೆ ಸರಿಸಿದಳು. ಕೊನೆಗೆ ಬೆರಳಿಟ್ಟಿದ್ದು ಗೋಧಿ ಬಣ್ಣದ, ಉದ್ದುದ್ದ ಗೀರುಗಳ ಸಾದಾ ಪಟ್ಟಿಯ ಮೇಲೆ.

"ಮಸ್ತ್ ಅದ. ನಾಳೆ ಹಚ್ಚು" ಎಂದಳು.

"ನಾಳೆ ಆಗಂಗಿಲ್ಲ. ಹಸಿ ಗೋಡೆಗೆ ಹಚ್ಚಿದರೆ ಒಳಗೇ ಬೂಷ್ಟು ಬೆಳೀತದ. ಮೊದಲು ನೀರು ನಿಲ್ಲಿಸಬೇಕು, ಆಮೇಲೆ ಒಣಗಬೇಕು, ಆಮೇಲೆ ಪ್ಯಾನೆಲ್."

ಗಂಡ ಚಹಾ ತರಲು ಒಳಗೆ ಹೋದ ಮೇಲೆ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಕೈ ಕಾದಿತ್ತು. "ಹಂಗಾದ್ರ ಪ್ರಾಪರ್ ಆಗೇ ಮಾಡಬೇ. ನಾ ಹೋದ ಮ್ಯಾಲೂ ಈ ಕೋಣ್ಯಾಗ ಮಲಗಾವ ಅವನೇ. ಬ್ಯಾರೆ ಕಡೆ ಹೋಗು ಅಂದ್ರೂ ಹೋಗಂಗಿಲ್ಲ, ನನಗ ಗೊತ್ತು. ಅವನ ಎದಿ ಮೊದಲೇ ಗೊರ್ ಅಂತದ." ಸ್ವಲ್ಪ ಸುಧಾರಿಸಿಕೊಂಡು, "ಆದ್ರ ನಾನೂ ನೋಡಬೇಕು" ಎಂದಳು.

ಎರಡನ್ನೂ ಕೇಳಿದಳು. ಎರಡಕ್ಕೂ ಹೂಂ ಎಂದೆ.

ಮೊದಲ ಕೆಲಸ ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವುದು. ಅಂಗೈ ಅಗಲದ ಪಾಲಿಥೀನ್ ತುಂಡುಗಳನ್ನು ಗೋಡೆಯ ಅಲ್ಲಲ್ಲಿ ಇಟ್ಟು ನಾಲ್ಕೂ ಅಂಚಿಗೆ ಅಂಟುಟೇಪು ಬಿಗಿದೆ. ಮಾರನೆಯ ದಿನ ನೋಡಬೇಕು. ಹಾಳೆಯ ಹೊರಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ, ಒಳಮೈಯಲ್ಲಿದ್ದರೆ ಗೋಡೆಯದೇ. ಎಲ್ಲ ತುಂಡುಗಳೂ ಒಳಗಿನಿಂದ ಬೆವೆತಿದ್ದವು. ಬೇಸಿಗೆ, ಹೊರಗೆ ಬೆಂಕಿಯಂಥ ಬಿಸಿಲು, ಆದರೂ ಗೋಡೆಯ ಹೊಟ್ಟೆಯಲ್ಲಿ ನೀರು.

ಕಾರಣ ತಿಳಿಯಲು ತಡವಾಗಲಿಲ್ಲ. ಅದು ಕಲ್ಲು, ಮಣ್ಣಿನ ಗಾರೆಯ ಗೋಡೆ. ಮಗನ ಮದುವೆಗೆಂದು ಅದರ ಮೇಲೆ ಸಿಮೆಂಟ್ ಬಳಿಸಿ ಆಯಿಲ್ ಪೇಂಟ್ ಹೊಡೆಸಿದ್ದರು. ಅಂಥ ಗೋಡೆ ಮಳೆಗಾಲದಲ್ಲಿ ನೀರು ಕುಡಿದರೂ ಬೇಸಿಗೆಯಲ್ಲಿ ಉಸಿರು ಬಿಟ್ಟು ಒಣಗುತ್ತಿತ್ತು. ಸಿಮೆಂಟು ಅದರ ಬಾಯಿ ಕಟ್ಟಿಹಾಕಿತ್ತು. ಭೀಮಾ ನದಿಯ ಕಡೆಯಿಂದ ಮಳೆಗಾಳಿ ಬೀಸುವುದೂ ಅದೇ ಗೋಡೆಗೆ.

ಜೇವರ್ಗಿ ತಾಲೂಕಿನ ನೆಲೋಗಿಯಿಂದ ಮೇಸ್ತ್ರಿಯನ್ನು ಕರೆಸಿದೆ. ಹಳೆಯ ಕಲ್ಲುಮನೆ ಎಂದರೆ ಗೊಣಗುವ ಮನುಷ್ಯ, ಆದರೆ ಬಿಟ್ಟು ಹೋಗುವವನಲ್ಲ. ಅವಳ ಮಂಚವನ್ನು ಪಡಸಾಲೆಗೆ ಸಾಗಿಸಿದೆವು. ಸಿಮೆಂಟ್ ಕೆತ್ತಲು ಶುರುವಾದಾಗ ಅವಳು ಅಲ್ಲಿಂದಲೇ ಕೂಗಿದಳು:

"ಮೇಸ್ತ್ರಿ, ಗ್ವಾಡಿ ಕೆಡವಾಕತ್ತೀಯೋ ಕಟ್ಟಾಕತ್ತೀಯೋ?"

"ಮೊದಲ ಕೆಡವತೇನಿ, ಆಮ್ಯಾಲೆ ಕಟ್ತೇನ್ರಿ ಅಕ್ಕೋರ. ನೀವು ಸಾಲ್ಯಾಗ ಹುಡುಗರಿಗೆ ಮಾಡಿಲ್ಲೇನ್ರಿ ಹಂಗ?"

ಅವಳು ನಕ್ಕದ್ದು ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. ಮೇಸ್ತ್ರಿ ಆ ದಿನ ಮತ್ತೆ ತಮಾಷೆ ಮಾಡಲಿಲ್ಲ.

ಸಿಮೆಂಟೆಲ್ಲ ಇಳಿಸಿದೆವು. ಕಲ್ಲುಗಳ ಸಂದಿಯ ಸತ್ತ ಮಣ್ಣನ್ನು ಕೆರೆದು ತೆಗೆದೆವು. ಸವಳನ್ನು ನೀರು ಹಾಕಿ ತೊಳೆಯಬಾರದು, ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದಲೇ ಉಜ್ಜಿ ಬೀಳಿಸಬೇಕು, ಬಿದ್ದದ್ದನ್ನು ಅಲ್ಲೇ ಬಿಡದೆ ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಬೇಕು. ಹೊರಗೋಡೆಯ ಸಂದಿಗಳಿಗೆ ಸುಣ್ಣದ ಗಾರೆ ತುಂಬಿ, ಅದು ಬಲಿತ ಮೇಲೆ ವಾಟರ್‌ಪ್ರೂಫ್ ಲೇಪ ಕೊಟ್ಟೆವು. ಪುಡಿಯನ್ನು ಹಾಲಿನಂಥ ದ್ರವದಲ್ಲಿ ಗಂಟಿಲ್ಲದಂತೆ ಕಲಸಿ, ಮೊದಲ ಕೈ ಅಡ್ಡಡ್ಡ, ಅದು ಆರಿದ ಮೇಲೆ ಎರಡನೆಯ ಕೈ ಉದ್ದುದ್ದ. ಒಳಗೆ ಮಾತ್ರ ಲೇಪ ಬೇಡ ಎಂದೆ. ಹೊರಗಿನಿಂದ ಮಳೆ ತಡೆದಿದ್ದೇವೆ, ಒಳಗಿನಿಂದ ಗೋಡೆ ಉಸಿರಾಡಿ ಒಣಗಲಿ. ಸದ್ಯಕ್ಕೆ ಸುಣ್ಣದ ತೆಳು ಗಿಲಾವು ಸಾಕು. ಒಣಗಿದ್ದು ಖಾತ್ರಿಯಾದ ಮೇಲೆ ಒಳಗಿನ ಲೇಪ, ಆಮೇಲೆ ಮರದ ಪಟ್ಟಿ, ಅದರ ಮೇಲೆ ಪ್ಯಾನೆಲ್.

ಉಳಿದದ್ದು ಮಾಳಿಗೆ ಮತ್ತು ಗೋಡೆ ಕೂಡುವ ಜಾಗ. ಅಲ್ಲಿ ಉದ್ದಕ್ಕೂ ಬಿರುಕಿತ್ತು. ಮೇಸ್ತ್ರಿ ಅದನ್ನು ಅಗಲ ಮಾಡಿ, ಕೈ ಹೋಗುವಷ್ಟು ಕಾಲುವೆ ಕೆತ್ತಿ, ಮರುದಿನ ತುಂಬೋಣವೆಂದು ತಾಡಪಾಲು ಮುಚ್ಚಿ ಬಿಟ್ಟಿದ್ದ. "ಮಾಲಕ್ರ, ಮ್ಯಾಲ ಯಾರೂ ಅಡ್ಡ್ಯಾಡಬ್ಯಾಡ್ರಿ" ಎಂದೂ ಹೇಳಿದ್ದ. ನಾನು ಸಾಮಾನು ತರಲು ಆಳಂದಕ್ಕೆ ಬಂದೆ.

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಕಾಲ. ಈ ಸೀಮೆಯಲ್ಲಿ ಮಣ್ಣಿನ ಮಾಳಿಗೆ ಇದ್ದವರೆಲ್ಲ ಮೊದಲ ಮಳೆಗೆ ಮುಂಚೆ ಸವಳು ಮಣ್ಣು ಹೇರಿ ತಂದು ಮಾಳಿಗೆಯ ಮೇಲೆ ಹರವುತ್ತಾರೆ. ಆ ಮಣ್ಣು ನೆನೆದರೆ ಉಬ್ಬಿ ಬಿಗಿಯಾಗುತ್ತದೆ, ನೀರು ಕೆಳಗೆ ಬಿಡುವುದಿಲ್ಲ. ಅಜ್ಜಂದಿರ ಕಾಲದ ವಾಟರ್‌ಪ್ರೂಫಿಂಗ್ ಅದು, ತಪ್ಪೇನೂ ಇಲ್ಲ. ದುಲ್ಹೇಭಾಯಿ ಪ್ರತಿ ವರ್ಷ ಹಾಕಿದವರು. ಈ ವರ್ಷ ಹೆಂಡತಿಗಾಗಿ ಮಾಡುತ್ತಿದ್ದೇನೆಂದು ಹುರುಪಿನಿಂದ ಟ್ರ್ಯಾಕ್ಟರ್ ತುಂಬ ತಂದರು. ತಾಡಪಾಲು ಮಡಚಿ ಬದಿಗಿಟ್ಟು, ಗೋಡೆಯ ಕಡೆಗೆ ಇನ್ನೊಂದಿಷ್ಟು ದಪ್ಪ ಇರಲೆಂದು ಕಾಲುವೆಯ ತುಂಬ ಅದನ್ನೇ ಸುರಿದರು. ಬಡಿದು ಬಿಗಿ ಮಾಡುವಷ್ಟರಲ್ಲಿ ಮೋಡ ಕವಿದು ಬಂತು. ಮಧ್ಯಾಹ್ನ ಸುರಿಯಲು ಶುರುವಾದದ್ದು ಸಂಜೆಯವರೆಗೂ ಸುರಿಯಿತು.

ನಾನು ಮತ್ತೆ ಬಂದಾಗ ಒಳಗಿನ ಸುಣ್ಣದ ಗಿಲಾವು ಮೇಲಿನಿಂದ ಕೆಳಗಿನವರೆಗೆ ಗುಳ್ಳೆ ಎದ್ದಿತ್ತು. ಬೆರಳು ಮುಟ್ಟಿಸಿದರೆ ಹಿಟ್ಟಿನಂತೆ ಉದುರುತ್ತಿತ್ತು. ಸವಳಿನ ನೀರು ಗೋಡೆಯ ನಡುವಿಗೇ ಇಳಿದುಬಿಟ್ಟಿತ್ತು.

"ಉಪ್ಪಿನಕಾಯಿ ಹಾಕೀರಿ ನೋಡ್ರಿ ಮಾಲಕ್ರ. ಇನ್ನ ವರ್ಷಾನಗಟ್ಟಲೆ ಕೆಡಂಗಿಲ್ಲ!" ಮೇಸ್ತ್ರಿ ಕರಣಿ ಎಸೆದ. "ಅಡ್ಡ್ಯಾಡಬ್ಯಾಡ್ರಿ ಅಂದಿದ್ದೆ ಇಲ್ಲ?"

ದುಲ್ಹೇಭಾಯಿ ಗೋಡೆಗೆ ಅಂಗೈ ಒತ್ತಿ ನಿಂತಿದ್ದರು, ಹಿಡಿದು ನಿಲ್ಲಿಸುವವರಂತೆ. "ಸೋರಬಾರದು ಅಂತ ಹಾಕಿದೆ ಆಪಾ. ಆಕಿಗೆ ಒಂದು ಹನಿ ಬೀಳಬಾರದು ಅಂತ" ಎಂದರು.

"ಆಕಿಗಿ ಹೇಳಬ್ಯಾಡ್ರಿ" ಎಂದರು ಆಮೇಲೆ. ಪಡಸಾಲೆಯಿಂದ ಅವಳ ದನಿ ಬಂತು: "ಕೇಳಸ್ತದ ನನಗ. ಕ್ಯಾನ್ಸರ್ ಕಿವಿಗೆ ಬಂದಿಲ್ಲ."

ಮಣ್ಣೆಲ್ಲ ಇಳಿಸಿ, ಕಾಲುವೆ ಬರಿದು ಮಾಡಿ ಗಾರೆ ತುಂಬಿ, ಮಾಳಿಗೆಗೆ ದಪ್ಪ ಪ್ಲಾಸ್ಟಿಕ್ ಹೊದಿಸಿದೆವು. ಒಳಗಿನ ಗಿಲಾವನ್ನು ಮತ್ತೆ ಕಲ್ಲು ಕಾಣುವವರೆಗೆ ಕೆರೆದೆವು. ಉಜ್ಜುವುದು, ಕಾಯುವುದು, ಮತ್ತೆ ಸವಳು ಹೊಮ್ಮುವುದು, ಮತ್ತೆ ಉಜ್ಜುವುದು. ಪಾಲಿಥೀನ್ ತುಂಡು ಅಂಟಿಸಿದರೆ ಮತ್ತೆ ಬೆವರು. ಮಳೆಗಾಲ ಮುಗಿಯದೆ ಈ ಗೋಡೆ ಒಣಗುವುದಿಲ್ಲ ಎಂದು ನನಗೆ ಗೊತ್ತಾಯಿತು. ಅತ್ತ ಅವಳು ಗಂಜಿಯನ್ನೂ ಬಿಟ್ಟಳು. ನೋವಿನ ಔಷಧ ಕೊಟ್ಟರೆ ನಿದ್ದೆ, ಕೊಡದಿದ್ದರೆ ನರಳಾಟ. ಸೊಸೆ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಪಡಸಾಲೆಯಲ್ಲಿ ಬಂದುಹೋಗುವವರ ಮುಂದೆ ಬಿದ್ದಿರಲಾರೆ, ನನ್ನ ಕೋಣೆಗೆ ಒಯ್ಯಿರಿ ಎಂದು ಗೆಳತಿ ಹಟ ಹಿಡಿದಳು. ಒಯ್ದೆವು. ಈಗ ಅವಳ ಕಣ್ಣೆದುರು ಮೊದಲಿದ್ದ ಹಪ್ಪಳ ಬಣ್ಣವೂ ಇಲ್ಲ. ಕಿತ್ತ ಕಲ್ಲು, ಬಾಯಿ ತೆರೆದ ಸಂದಿಗಳು.

ಅಂಗಳದಲ್ಲಿ ದುಲ್ಹೇಭಾಯಿ ನನ್ನ ಮುಂದೆ ಕೈ ಜೋಡಿಸಿದರು. "ಹಚ್ಚಿಬಿಡ್ರಿ ಆಪಾ. ಹಸಿ ಇದ್ರ ಇರಲಿ. ಬೂಷ್ಟು ಬಂದ್ರ ನನಗ ಬರ್ಲಿ."

"ಅದೇ ಆಗಬಾರದು ಅಂತ ಅವಳು ಹೇಳ್ಯಾಳ ದುಲ್ಹೇಭಾಯಿ."

"ಯಾವಾಗ ಹೇಳಿದ್ಲು?"

"ಮೊದಲ ದಿನಾನೇ."

ಅವರು ಮುಖ ತಿರುಗಿಸಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅಂಥ ದೊಡ್ಡ ಮನುಷ್ಯ ಅಳುವುದನ್ನು ನಾನು ನೋಡಿರಲಿಲ್ಲ.

ಬಸ್ಸಿನಲ್ಲಿ ಆಳಂದಕ್ಕೆ ಮರಳುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ಹಚ್ಚಿದರೆ ಅವಳಿಗೆ ಕೊಟ್ಟ ಒಂದು ಮಾತು ತಪ್ಪುತ್ತದೆ, ಹಚ್ಚದಿದ್ದರೆ ಇನ್ನೊಂದು. ಇಷ್ಟು ವರ್ಷ ಗಿರಾಕಿಗಳಿಗೆ ನಾನು ಹೇಳುತ್ತ ಬಂದದ್ದು ಒಂದೇ: ಒಣಗುವ ತನಕ ಗೋಡೆಗೆ ಪ್ಯಾನೆಲ್ ಇಲ್ಲ. ಮಟಕಿ ಊರು ದಾಟುವ ಹೊತ್ತಿಗೆ ಹೊಳೆಯಿತು. ಗೋಡೆಗೆ ತಾನೇ ಹಚ್ಚಬಾರದು? ಅವಳು ಕೇಳಿದ್ದು ನೋಡಲಿಕ್ಕೆ.

ಮರುದಿನ ನನ್ನ ಫಿಟ್ಟರ್‌ನನ್ನು ಕೂಡಿಸಿಕೊಂಡು ಲೆಕ್ಕ ಹಾಕಿದೆ. ಗೋಡೆಯಿಂದ ಒಂದು ಗೇಣು ಈಚೆಗೆ, ನೆಲದ ಹಾಸುಗಲ್ಲಿಗೂ ಮೇಲಿನ ತೊಲೆಗೂ ಮಾತ್ರ ಬಿಗಿದ ಒಂದು ಚೌಕಟ್ಟು. ಗೋಡೆಗೆ ಒಂದು ಮೊಳೆಯೂ ಇಲ್ಲ. ಮೇಲೂ ಕೆಳಗೂ ತೆರವು, ಬದಿಯಲ್ಲಿ ಒಂದು ಸಣ್ಣ ಫ್ಯಾನು, ಹಿಂದಿನ ಗಾಳಿ ಓಡಾಡುತ್ತಿರಲು. ಅಗಲ, ಅವಳ ಮಂಚದ ಉದ್ದದಷ್ಟು. ಮಲಗಿದಲ್ಲಿಂದ ಅವಳ ಕಣ್ಣು ಹೋಗುವಷ್ಟು. ಮೊದಲು ಕಲ್ಲಿಗೆ ಬೂಷ್ಟಿನ ಔಷಧ ಬಳಿದು, ಅದು ಆರುವ ತನಕ ಅವಳನ್ನು ಮತ್ತೆ ಪಡಸಾಲೆಯಲ್ಲಿ ಇಡಬೇಕು.

"ಅರ್ಧ ಗ್ವಾಡಿ ಏನ್ರಿ ಮ್ಯಾಡಮ್ಮಾರ? ಯಾರರ ನೋಡಿದ್ರ ನಮ್ಮ ಹೆಸರು ಏನಾಗಬೇಕ್ರಿ?" ಎಂದ ಫಿಟ್ಟರ್.

"ನೋಡಾಕಿ ಒಬ್ಬಾಕೇ" ಎಂದೆ. ಅವನು ಅಳತೆ ಬರೆದುಕೊಂಡ.

ಕೂಡಿಸಿದ ದಿನ ಮಳೆ ಬಿಡುವು ಕೊಟ್ಟಿತ್ತು. ಡ್ರಿಲ್ಲಿನ ಸದ್ದು ಅವಳಿಗೆ ತಾಳದೆಂದು ತೂತುಗಳನ್ನೆಲ್ಲ ಆಳಂದದಲ್ಲೇ ಕೊರೆದು ತಂದಿದ್ದೆವು. ಇಲ್ಲಿ ಬರೀ ಸ್ಕ್ರೂಡ್ರೈವರ್, ಕೈಯಿಂದಲೇ. ಮುಗಿದ ಮೇಲೆ ಮಂಚ ಒಳಗೆ ತಂದು, ಸೊಸೆ ಅವಳನ್ನು ಮೆಲ್ಲಗೆ ಬಲಮಗ್ಗುಲಿಗೆ ಹೊರಳಿಸಿದಳು. ಅವಳು ಕಣ್ಣು ತೆರೆಯಲು ತಡವಾಯಿತು. ತೆರೆದವಳು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಗೀರುಗಳ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಕೈ ಚಾಚಿ ಗೆಣ್ಣಿನಿಂದ ಎರಡು ಸಲ ಬಡಿದಳು, ಬಾಗಿಲು ಬಡಿಯುವ ಹಾಗೆ.

"ಹಿಂದ ಖಾಲಿ ಅದ" ಎಂದಳು.

"ಖಾಲಿ ಬಿಟ್ಟೇನಿ. ಗೋಡೆ ಒಣಗಲಿ ಅಂತ. ಒಣಗಿದ ಮೇಲೆ ಇದನ್ನು ಬಿಚ್ಚಿ ಪ್ರಾಪರ್ ಆಗಿ ಮಾಡ್ತೇನಿ."

"ಪ್ರಾಮಿಸ್?"

"ಪ್ರಾಮಿಸ್."

"ನಾಟ್ ಬ್ಯಾಡ್" ಎಂದಳು. ಕಣ್ಣು ಮುಚ್ಚಿದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಹಾಸ್ಟೆಲಿನ ಕಾಲದಿಂದಲೂ ಕೇಳಿಲ್ಲ.

ಆಮೇಲೆ ಕೆಲವು ದಿನ ಬದುಕಿದಳು. ಬಂದವರಿಗೆಲ್ಲ ತೋರಿಸಿದಳಂತೆ, ಮಾತು ನಿಂತ ಮೇಲೆ ಬೆರಳಿನಿಂದ. ಒಂದು ಬೆಳಿಗ್ಗೆ ಸೊಸೆ ಫೋನ್ ಮಾಡಿದಳು. ನಾನು ಮುಟ್ಟುವ ಹೊತ್ತಿಗೆ ಅವಳಿಗೆ ಸ್ನಾನ ಮಾಡಿಸಿ, ಬಿಳಿ ಹೊದಿಸಿ, ಮುಖ ಮಾತ್ರ ಬಿಟ್ಟಿದ್ದರು. ಆ ಮುಖದ ಮುಂದೆ ನನ್ನ ಗೋಧಿ ಬಣ್ಣದ ಪಟ್ಟಿಗಳು. ಕೂತಿದ್ದ ಹೆಂಗಸರಲ್ಲಿ ಯಾರೋ ಅದರ ಮೇಲೆ ಕೈ ಆಡಿಸಿ "ಚಂದ ಕೂಡಸ್ಯಾರ" ಎಂದರು. ನಾನು ತಲೆ ಎತ್ತಲಿಲ್ಲ.

ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆ ಮುಗಿಯಿತು, ಮಳೆಗಾಲವೂ ಮುಗಿಯಿತು. ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಾಗ ಮೇಸ್ತ್ರಿ, ಫಿಟ್ಟರ್ ಇಬ್ಬರನ್ನೂ ಕರೆದುಕೊಂಡು ಕರಜಗಿಗೆ ಹೋದೆ. ಪಟ್ಟಿ ಬಿಚ್ಚಬೇಕು ಎಂದಾಗ ದುಲ್ಹೇಭಾಯಿ ಒಪ್ಪಲಿಲ್ಲ.

"ಇರ್ಲಿ ಬಿಡ್ರಿ ಆಪಾ. ಆಕಿ ಇದನ್ನ ನೋಡಿದ್ಲು. ಬಿಚ್ಚಿದ್ರ ಮತ್ತ ಇದೇ ಇದಾಗಂಗಿಲ್ಲ."

ಅವರು ಮಾತಿನ ನಡುವೆ ಕೆಮ್ಮುತ್ತಿದ್ದರು. ಅದೇ ಕೋಣೆಯಲ್ಲಿ, ಅದೇ ಮಂಚದಲ್ಲಿ ಮಲಗುತ್ತಿದ್ದರು. "ನನ್ನ ಹತ್ರ ಪ್ರಾಮಿಸ್ ತಗೊಂಡಾಳ" ಎಂದಷ್ಟೇ ಹೇಳಿದೆ. ಅವರು ತಾವೇ ಎದ್ದು ಬಂದು ಒಂದೊಂದು ಪಟ್ಟಿಯ ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಫಿಟ್ಟರ್ ಸ್ಕ್ರೂ ಬಿಚ್ಚಿದ ಹಾಗೆ ಅವರು ಇಳಿಸಿ ಗೋಣಿಚೀಲದ ಮೇಲೆ ಮಲಗಿಸಿದರು.

ಹಿಂದಿನ ಕಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಪಾಲಿಥೀನ್ ಅಂಟಿಸಿದೆವು. ಮರುದಿನ ಕಿತ್ತು ಬೆಳಕಿಗೆ ಹಿಡಿದೆ. ಎರಡೂ ಮೈ ಒಣಗಿತ್ತು. ಅವಳು ಹೋಗಿ ಇಷ್ಟು ದಿನವಾದ ಮೇಲೆ ಒಣಗಿದ ಗೋಡೆಯನ್ನು ನೋಡಿ ನನಗೆ ಯಾವ ಸಂತೋಷವೂ ಆಗಲಿಲ್ಲ, ಸಿಟ್ಟೇ ಬಂತು.

ಸುಣ್ಣದ ಗಿಲಾವು, ಅದು ಬಲಿಯಲು ಬಿಟ್ಟು ಅಡ್ಡ ಒಂದು ಕೈ, ಉದ್ದ ಒಂದು ಕೈ ಒಳಲೇಪ. ಅದಕ್ಕೆ ತೂತು ಬೀಳಬಾರದೆಂದು ಮರದ ಪಟ್ಟಿಗಳನ್ನು ತೊಲೆಗೂ ನೆಲಕ್ಕೂ ಬಿಗಿದು, ಅವುಗಳ ಮೇಲೆ ಪ್ಯಾನೆಲನ್ನು ಅಂಟಿನಿಂದ ಕೂಡಿಸಿದೆವು. ಈ ಸಲ ಮೂಲೆಯಿಂದ ಮೂಲೆಗೆ ಪೂರ್ತಿ ಗೋಡೆ. ಅವಳ ಮುಂದಿದ್ದ ಹಳೆಯ ಪಟ್ಟಿಗಳನ್ನೂ ಅವೇ ಜಾಗದಲ್ಲಿ ಸೇರಿಸಿದೆವು.

ಕೆಲಸ ಮುಗಿದಾಗ ಮನೆಯಾಕೆಯನ್ನು ಮೊದಲು ಕರೆದು ತೋರಿಸುವುದು ನನ್ನ ರೂಢಿ. ಫಿಟ್ಟರ್ ಅರಿವೆಯಿಂದ ಧೂಳು ಒರೆಸಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಕೊನೆಗೆ ದುಲ್ಹೇಭಾಯಿಯನ್ನೇ ಕರೆದೆ. ಅವರು ಬಂದು ಕೋಣೆಯ ನಡುವೆ ನಿಂತರು.

"ನನಗೇನು ತಿಳೀತದ? ನೀವೇ ಹೇಳ್ರಿ ಆಪಾ. ಆಕಿ ಇದ್ದಿದ್ರ ಏನಂತಿದ್ಲು?"

ಸುಳ್ಳು ಹೇಳಬಹುದಿತ್ತು. ಆದರೆ ಅದಾಗಲೇ ನನ್ನ ಕಣ್ಣಿಗೆ ಬಿದ್ದಿತ್ತು, ಯಾರೂ ಗಮನಿಸುವುದಿಲ್ಲ ಎಂದು ಸುಮ್ಮನಾಗಿದ್ದೆ.

"ಬಾಗಿಲ ಕಡೆಯಿಂದ ಮೂರನೇ ಪಟ್ಟಿ ಸೊಟ್ಟ ಅದ ಅಂತಿದ್ಲು."

ಅವರು ಹತ್ತಿರ ಹೋಗಿ, ಬಗ್ಗಿ, ಬೆರಳಿಟ್ಟು ನೋಡಿದರು. "ಖರೇನೇ ಅದನಾ?"

"ಕೂದಲೆಳೆಯಷ್ಟು. ಆದ್ರ ಅದ."

"ಹಂಗಾದ್ರ ತೆಗದು ಸರಿ ಮಾಡ್ರಿ."

ಅಂಟು ಹಿಡಿದಾಗಿತ್ತು. ಒಂದನ್ನು ಸರಿಪಡಿಸಲು ಬಾಗಿಲ ಕಡೆಯ ಎರಡನ್ನೂ ಬಿಡಿಸಬೇಕು. ಫಿಟ್ಟರ್ ಗೊಣಗುತ್ತಾನೆಂದು ಕಾದೆ. ಅವನು ಉಳಿ ಕೈಗೆತ್ತಿಕೊಂಡು "ಅಕ್ಕೋರು ಬಿಡ್ತಿದ್ದಿಲ್ಲ ಬಿಡ್ರಿ" ಎಂದು ಮೊಣಕಾಲೂರಿ ಕುಳಿತ. ಮೇಸ್ತ್ರಿ ಮಟ್ಟಗೋಲು ಹಿಡಿದ, ನಾನು ಟಾರ್ಚ್ ಹಿಡಿದೆ, ದುಲ್ಹೇಭಾಯಿ ಪಟ್ಟಿ ಹಿಡಿದರು. ಒಳಗಿನ ಲೇಪಕ್ಕೆ ಉಳಿ ತಾಗದಂತೆ ಬಿಡಿಸಿ, ತಾಗಿದಲ್ಲಿ ಮತ್ತೆ ಬಳಿದು, ಆರುವ ತನಕ ಕಾದೆವು. ಸಂಜೆಯ ಮಗರಿಬ್ ಆಜಾನ್ ಕೂಗುವ ಹೊತ್ತಿಗೆ ಮೂರನೆಯ ಪಟ್ಟಿ ನೆಟ್ಟಗೆ ಕೂತಿತ್ತು.

ಅವರು ಅಂಟಿನ ಚೂರು, ಮರದ ಹುಡಿಯನ್ನೆಲ್ಲ ತಾವೇ ಗುಡಿಸಿದರು. ನಮಾಜಿನ ಚಾಪೆ ಹಾಸಿ ಗೋಡೆಗೆ ಮುಖ ಮಾಡಿ ನಿಂತರು. ನಾವು ಸಾಮಾನು ಎತ್ತಿಕೊಂಡು ಸದ್ದಾಗದಂತೆ ಹೊರಗೆ ಬಂದೆವು.